ಮನೆಯ ಬಾಗಿಲೂ ಶಾಲೆಯ ಬಾಗಿಲೂ

ಚಿಕಾಗೋ ನಗರದ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ೧೮೯೩ರ ಸೆಪ್ಟೆಂಬರಿನಲ್ಲಿ ಅಲ್ಲಿ ನೆರೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದಂದಿನಿಂದ ಅದು ಭಾರತೀಯರಿಗೆ ಮನೆಮಾತಾದ ಊರು. ಆದರೆ ಅದೇ ಊರಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಮಿಕ್ಕು ನಡೆದುಬಂದಿರುವ ಒಂದು ದೊಡ್ಡ ವಾದದ ಸಂಗತಿಯು ನಮ್ಮಲ್ಲಿ ಬಹುಮಂದಿಗೆ ತಿಳಿದಂತಿಲ್ಲ. ನಾನಾ ದೇಶಗಳಿಂದ ಬಂದು ನಾನಾ ಭಾಷೆಗಳನ್ನಾಡುವ ಬಡವರ ಮಕ್ಕಳಿಗೆ ಒಂದು ಮಹಾನಗರವು ಎಂತಹ ವಿದ್ಯಾಭ್ಯಾಸವನ್ನು ಕೊಡಬೇಕು? ಆ ಶಾಲೆಗಳು ಕೆಟ್ಟರೆ ಅವನ್ನು ತಿದ್ದುವ ಹಕ್ಕು ಯಾರದು? ಇದೇ ಆ ವಾದ. ಅಮೆರಿಕೆಯ ವಿದ್ವಾಂಸರು ಈ ವಿಷಯವಾಗಿ ಲೆಕ್ಕವಿಲ್ಲದಷ್ಟು ಗ್ರಂಥಗಳನ್ನು ಬರೆದಿದ್ದಾರೆ. ಅವುಗಳ ಸಾರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಮಗುವಿನ ಮನೆಯನ್ನು ಹೊರಗೆ ನಿಲ್ಲಿಸಿ ಶಾಲೆಯನ್ನು ತಿದ್ದಹೊರಟವರು ಬಹುಮಟ್ಟಿಗೆ ಸೋತಿದ್ದಾರೆ. ಮನೆಯನ್ನು ಒಳಕ್ಕೆ ಕರೆದವರು ಸ್ವಲ್ಪವಾದರೂ ಗೆದ್ದಿದ್ದಾರೆ. ಈ ಮಾತಿಗೆ ಆಧಾರವೇನೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತಕಲಿಯ ತಾಯಿ

೧೮೮೯ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಮಹಿಳೆಯರು ಚಿಕಾಗೋವಿನ ಬಡಕೇರಿಯೊಂದರಲ್ಲಿ ಹಲ್ ಹೌಸ್ ಎಂಬ ಸೇವಾಗೃಹವನ್ನು ತೆರೆದರು. ಆಗ್ಗೆ ಆ ನಗರದ ಜನರಲ್ಲಿ ಮುಕ್ಕಾಲು ಪಾಲು ಹೊರದೇಶಗಳಿಂದ ಬಂದವರು, ಇಲ್ಲವೆ ಅಂಥವರ ಮಕ್ಕಳು. ಇಟಲಿ, ಐರ್ಲೆಂಡ್, ಜರ್ಮನಿ, ಪೋಲೆಂಡ್, ರಷ್ಯಾ ಮೊದಲಾದ ದೇಶಗಳ ರೈತರೂ ಕೂಲಿಗಾರರೂ ಅಲ್ಲಿನ ಕಾರ್ಖಾನೆಗಳಿಗೂ ಕಸಾಯಿಖಾನೆಗಳಿಗೂ ಬಂದು ತುಂಬಿದ್ದರು. ಅವರ ಮಕ್ಕಳನ್ನು ಆದಷ್ಟು ಬೇಗನೆ ಅಮೆರಿಕದವರನ್ನಾಗಿ ಮಾಡಿಬಿಡಬೇಕೆಂಬುದೇ ಅಂದಿನ ಶಾಲೆಗಳ ಧ್ಯೇಯವಾಗಿತ್ತು. ಮನೆಯ ಭಾಷೆಯನ್ನು ಮರೆಯುವುದೇ ವಿದ್ಯೆಯ ಮೊದಲ ಮೆಟ್ಟಿಲೆಂದು ಅನೇಕ ಉಪಾಧ್ಯಾಯರು ನಂಬಿದ್ದರು.

ಇದರ ಪರಿಣಾಮವೇನಾಯಿತೆಂಬುದನ್ನು ಆಡಮ್ಸ್ ೧೯೧೦ರಲ್ಲಿ ಪ್ರಕಟವಾದ ತಮ್ಮ ಅನುಭವಕಥನದಲ್ಲಿ ಒಂದು ಪ್ರಸಂಗದ ಮೂಲಕ ತಿಳಿಸಿದ್ದಾರೆ. ಇಟಲಿಯ ಕುಟುಂಬವೊಂದರ ಹುಡುಗಿಯು ಅಡಿಗೆಯ ಪಾಠಕ್ಕಾಗಿ ಹಲ್ ಹೌಸಿಗೆ ಬರುತ್ತಿದ್ದಳು. ಅವಳ ತಾಯಿಯೂ ಅದೇ ಸಂಜೆ ಅಲ್ಲಿಗೆ ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿ, ಹಳ್ಳಿಯ ಉಡುಪನ್ನುಟ್ಟು ಬರುವ ಆ ತಾಯಿಯೊಂದಿಗೆ ಕಾಣಿಸಿಕೊಳ್ಳಲು ಮಗಳಿಗೆ ನಾಚಿಕೆ. ತಾಯಿ ಒಂದು ಬಾಗಿಲಿನಿಂದ ಒಳಹೊಕ್ಕರೆ ಮಗಳು ಬೇರೊಂದು ಬಾಗಿಲಿನಿಂದ ಹೊಕ್ಕಳು. ಆಡಮ್ಸ್ ೧೯೦೦ರಲ್ಲಿ ಅಲ್ಲಿ ಒಂದು ಕಸುಬಿನ ಪ್ರದರ್ಶನಶಾಲೆಯನ್ನು ತೆರೆದಿದ್ದರು. ನೂಲುವವರು, ನೇಯುವವರು, ಮಡಕೆ ಮಾಡುವವರು ಅಲ್ಲಿ ತಮ್ಮ ತಮ್ಮ ದೇಶದ ರೀತಿಯಲ್ಲಿ ಕೆಲಸ ಮಾಡಿ ತೋರಿಸುತ್ತಿದ್ದರು. ಒಂದು ಸಂಜೆ ಆ ತಾಯಿಯು ತಕಲಿಯಲ್ಲಿ ನೂಲುತ್ತಿರಲು, ವಿಶ್ವವಿದ್ಯಾನಿಲಯದ ಶಿಕ್ಷಣವಿಭಾಗದಿಂದ ಬಂದವರು ಅವಳನ್ನು ಸುತ್ತುವರಿದು ಮೆಚ್ಚಿಗೆಯಿಂದ ನೋಡುತ್ತಿದ್ದರು. ಅದು ಮಗಳ ಕಣ್ಣಿಗೆ ಬಿತ್ತು. ಅವಳು ಆಡಮ್ಸ್ ಅವರನ್ನು ಕೇಳಿ ತಾಯಿಯ ಹಳ್ಳಿಯನ್ನೂ ಕಸುಬನ್ನೂ ತಿಳಿದುಕೊಂಡಳು. ಅಲ್ಲಿಂದ ಮುಂದೆ ತಾಯಿಯೂ ಮಗಳೂ ಒಂದೇ ಬಾಗಿಲಿನಿಂದ ಒಳಬಂದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲ ದೇಶಗಳಿಗೂ ಸಲ್ಲುವುದಷ್ಟೆ. ಆದರೆ ಇಲ್ಲಿ ಆಗಿದ್ದ ಹಾನಿಯು ಗಾದೆಯ ಮಾತಿಗಿಂತ ಆಳವಾದದ್ದು. ಶಾಲೆಯು ಆ ಹುಡುಗಿಗೆ ಓದುಬರಹವನ್ನು ಕೊಟ್ಟು, ಅದರ ಬೆಲೆಯಾಗಿ ತಾಯಿಯನ್ನು ಕೇಳಿತ್ತು. ೧೯೦೮ರಲ್ಲಿ ಆಡಮ್ಸ್ ರಾಷ್ಟ್ರೀಯ ವಿದ್ಯಾಭ್ಯಾಸ ಸಂಘದೆದುರು ಮಾತನಾಡಿ ಇದನ್ನೇ ಎತ್ತಿ ಹೇಳಿದರು: ಶಾಲೆಯು ಮಕ್ಕಳನ್ನು ತಂದೆತಾಯಿಗಳಿಂದ ಅಕಾಲದಲ್ಲಿ ಬೇರ್ಪಡಿಸುತ್ತಿದೆ, ಹೀಗೆ ಬೇರುಕಿತ್ತ ಮಗುವು ಹಳೆಯದನ್ನು ಬಿಟ್ಟಿತು, ಹೊಸದನ್ನೂ ಹಿಡಿಯದು. ಮುಂದೆ ಬಹುಸಂಸ್ಕೃತಿಯ ವಿದ್ಯಾಭ್ಯಾಸವೆಂದು ಹೆಸರಾದ ವಿಚಾರಕ್ಕೆ ಇದು ಒಂದು ಮೂಲ.

ಮತ್ತೊಂದು ಮೂಲ

ಇನ್ನೊಂದು ಮೂಲವು ಇದಕ್ಕಿಂತಲೂ ಕಹಿಯಾದದ್ದು. ಯೂರೋಪಿನಿಂದ ಬಂದವರ ಮಕ್ಕಳು ಎರಡು ಮೂರು ತಲೆಮಾರಿನಲ್ಲಿ ಬಿಳಿಯ ಸಮಾಜದೊಳಗೆ ಬೆರೆತುಹೋದರು. ಗುಲಾಮಗಿರಿಯ ನೊಗವನ್ನು ಹೊತ್ತು, ಬಿಡುಗಡೆಯಾದ ಮೇಲೂ ದಕ್ಷಿಣದ ದಬ್ಬಾಳಿಕೆಯಿಂದ ತಪ್ಪಿಸಿಕೊಳ್ಳಲು ಚಿಕಾಗೋವಿಗೆ ವಲಸೆ ಬಂದ ಆಫ್ರಿಕದ ಮೂಲದ ಜನರಿಗೆ ಆ ಅವಕಾಶವೇ ಇರಲಿಲ್ಲ. ಅವರ ಮಕ್ಕಳು ಓದುತ್ತಿದ್ದ ಪಠ್ಯಪುಸ್ತಕಗಳಲ್ಲಿ ಅವರ ಜನಾಂಗಕ್ಕೆ ಗುಲಾಮರೆಂಬುದರ ಹೊರತು ಬೇರೆ ಸ್ಥಾನವಿರಲಿಲ್ಲ. ಗುಲಾಮರಾಗಿದ್ದ ತಂದೆತಾಯಿಗಳ ಮಗನಾಗಿ ಹುಟ್ಟಿ, ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿಯೂ ಹಾರ್ವರ್ಡಿನಲ್ಲಿಯೂ ಓದಿ ವಿದ್ವಾಂಸರಾದ ಕಾರ್ಟರ್ ವುಡ್ಸನ್ ಅವರು ೧೯೧೫ರಲ್ಲಿ ಇದೇ ನಗರದಲ್ಲಿ ತಮ್ಮ ಜನರ ಚರಿತ್ರೆಯ ಸಂಶೋಧನೆಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ೧೯೨೬ರಲ್ಲಿ ಆ ಚರಿತ್ರೆಗಾಗಿಯೇ ವರ್ಷಕ್ಕೊಂದು ವಾರದ ಆಚರಣೆಯನ್ನು ಆರಂಭಿಸಿದರು. ೧೯೩೩ರ ತಮ್ಮ ಗ್ರಂಥದಲ್ಲಿ, ತನ್ನ ಜನರನ್ನು ತಾನೇ ತುಚ್ಛವೆಂದು ಕಾಣುವಂತೆ ಕಲಿಸುವುದು ವಿದ್ಯೆಯಲ್ಲ, ವಿದ್ಯೆಯ ವೇಷದ ದಾಸ್ಯವೆಂಬ ಅರ್ಥದಲ್ಲಿ ವಾದಿಸಿದರು.

೧೯೪೨ರಲ್ಲಿ ಚಿಕಾಗೋವಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ ಮೆಡಲೀನ್ ಮಾರ್ಗನ್ ಅವರು ಈ ಚರಿತ್ರೆಯ ಪಾಠಗಳನ್ನು ಸಿದ್ಧಪಡಿಸಿದರು. ನಗರದ ಶಾಲೆಗಳು ಅವನ್ನು ಪೂರಕ ಪಾಠಗಳಾಗಿ ಸ್ವೀಕರಿಸಿದವು. ತರಗತಿಯಲ್ಲಿ ಮಕ್ಕಳ ಮುಖವನ್ನು ದಿನವೂ ನೋಡುವ ಉಪಾಧ್ಯಾಯಿನಿಯೇ ಮೊದಲು ಈ ಕೆಲಸಕ್ಕೆ ಕೈಹಾಕಿದಳೆಂಬುದು ಗಮನಿಸತಕ್ಕ ಸಂಗತಿ.

ಆದರೆ ಪಾಠ ಬದಲಾದರೆ ಸಾಲದು, ಬೆಂಚು ಬದಲಾಗಬೇಕು. ೧೯೫೪ರಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಚಿಕಾಗೋವಿನಲ್ಲಿ ಅಂತಹ ಕಾನೂನು ಇರಲೇ ಇಲ್ಲ. ಇದ್ದುದು ಕೇರಿಗಳ ಗಡಿ. ಕಪ್ಪು ಜನರ ಕೇರಿಯ ಶಾಲೆಗಳು ಮಕ್ಕಳಿಂದ ಕಿಕ್ಕಿರಿದಿದ್ದವು. ಬಿಳಿಯರ ಕೇರಿಗಳಲ್ಲಿ ಸ್ಥಳ ಖಾಲಿಯಿದ್ದರೂ, ಅಂದಿನ ವಿದ್ಯಾಧಿಕಾರಿ ಬೆಂಜಮಿನ್ ವಿಲ್ಲಿಸ್ ಆ ಮಕ್ಕಳನ್ನು ಅಲ್ಲಿಗೆ ಕಳಿಸದೆ, ಲೋಹದ ಗಾಡಿಕೊಠಡಿಗಳನ್ನು ತಂದು ಕಿಕ್ಕಿರಿದ ಶಾಲೆಗಳ ಅಂಗಳದಲ್ಲಿಯೇ ನಿಲ್ಲಿಸಿದರು. ಜನರು ಅವಕ್ಕೆ ವಿಲ್ಲಿಸ್ ಗಾಡಿಗಳೆಂದು ಹೆಸರಿಟ್ಟರು. ೧೯೬೩ರ ಅಕ್ಟೋಬರ್ ೨೨ರಂದು ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಹೋಗದೆ ಬಹಿಷ್ಕಾರ ಹೂಡಿದರು. ಅಸಹಕಾರದ ಅರ್ಥವನ್ನು ಬಲ್ಲ ನಮ್ಮ ನಾಡಿನವರಿಗೆ ಆ ದಿನದ ಮಹತ್ವವನ್ನು ವಿವರಿಸಬೇಕಾದ್ದಿಲ್ಲ.

ಆ ದಶಕದಲ್ಲಿಯೇ ಚಿಕಾಗೋವಿನಲ್ಲಿ ಓದಿ, ಅಲ್ಲಿ ಉಪಾಧ್ಯಾಯರಾಗಿಯೂ ಕೆಲಸ ಮಾಡಿದ ಜೇಮ್ಸ್ ಬ್ಯಾಂಕ್ಸ್ ಅವರು ಮುಂದೆ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಬಹುಸಂಸ್ಕೃತಿಯ ವಿದ್ಯಾಭ್ಯಾಸಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟರು. ಅವರು ಅದಕ್ಕೆ ಐದು ಮುಖಗಳನ್ನು ಹೇಳುತ್ತಾರೆ: ಪಾಠದಲ್ಲಿ ಎಲ್ಲ ಜನರ ವಿಷಯ ಸೇರಬೇಕು, ಜ್ಞಾನವು ಯಾರಿಂದ, ಯಾವ ದೃಷ್ಟಿಯಿಂದ ರಚಿತವಾಯಿತೆಂಬುದನ್ನು ಮಕ್ಕಳು ವಿಚಾರಿಸಬೇಕು, ಪೂರ್ವಗ್ರಹ ತಗ್ಗಬೇಕು, ಎಲ್ಲ ಬಗೆಯ ಮಕ್ಕಳೂ ಕಲಿಯುವಂತೆ ಪಾಠಕ್ರಮ ಬದಲಾಗಬೇಕು, ಕೊನೆಯದಾಗಿ, ಶಾಲೆಯ ಒಟ್ಟು ವ್ಯವಸ್ಥೆಯೇ ಎಲ್ಲರಿಗೂ ಸಮಾನವಾದ ಬಲವನ್ನು ಕೊಡಬೇಕು. ಹಬ್ಬದ ದಿನ ನಾಲ್ಕು ದೇಶದ ತಿಂಡಿಯನ್ನು ಬಡಿಸಿ, ಗೋಡೆಗೆ ಇಬ್ಬರು ಮಹಾಪುರುಷರ ಪಟ ತಗುಲಿಸುವುದನ್ನು ಅವರು ಅತ್ಯಂತ ಕೆಳಗಿನ ಮೆಟ್ಟಿಲೆಂದೇ ಎಣಿಸಿದ್ದಾರೆ. ಈ ಐದನೆಯ ಮುಖವೇ ಶಾಲೆಗಳ ಆಡಳಿತದ ಪ್ರಶ್ನೆಗೆ ನಮ್ಮನ್ನು ಕರೆದೊಯ್ಯುತ್ತದೆ.

ಹನ್ನೊಂದು ಮಂದಿಯ ಸಭೆ

೧೯೮೭ರಲ್ಲಿ ಚಿಕಾಗೋವಿನ ಉಪಾಧ್ಯಾಯರು ೧೯ ದಿನ ಮುಷ್ಕರ ಹೂಡಿದರು. ಅದೇ ವರ್ಷ ಅಮೆರಿಕೆಯ ವಿದ್ಯಾಮಂತ್ರಿ ವಿಲಿಯಂ ಬೆನೆಟ್ ಆ ನಗರದ ಶಾಲೆಗಳು ದೇಶದಲ್ಲೆಲ್ಲ ಅತ್ಯಂತ ಕೆಟ್ಟವೆಂದು ಬಹಿರಂಗವಾಗಿ ಜರೆದರು. ಬೇಸತ್ತ ತಂದೆತಾಯಿಗಳೂ ಕೇರಿಯ ಸಂಘಗಳೂ ಒಟ್ಟುಗೂಡಿ ಒತ್ತಾಯಿಸಿದುದರ ಫಲವಾಗಿ ೧೯೮೮ರಲ್ಲಿ ಇಲಿನಾಯ್ ಸಂಸ್ಥಾನದ ಶಾಸನಸಭೆಯು ಅಪೂರ್ವವಾದ ಕಾನೂನೊಂದನ್ನು ಮಾಡಿತು. ಪ್ರತಿಯೊಂದು ಶಾಲೆಗೂ ಚುನಾಯಿತವಾದ ಒಂದು ಸಭೆ. ಅದರಲ್ಲಿ ಆರು ಮಂದಿ ತಂದೆತಾಯಿಗಳು, ಇಬ್ಬರು ಕೇರಿಯವರು, ಇಬ್ಬರು ಉಪಾಧ್ಯಾಯರು, ಜೊತೆಗೆ ಮುಖ್ಯೋಪಾಧ್ಯಾಯರು. ಕರ್ನಾಟಕದಲ್ಲಿ ೨೦೦೧ರಿಂದ ನಡೆದುಬಂದಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಬಲ್ಲವರಿಗೆ ಇದರ ರೂಪವು ಪರಿಚಿತವೆನಿಸಬಹುದು. ಆದರೆ ಚಿಕಾಗೋವಿನ ಸಭೆಗೆ ನಾಲ್ಕು ವರ್ಷದ ಕರಾರಿನ ಮೇಲೆ ಮುಖ್ಯೋಪಾಧ್ಯಾಯರನ್ನೇ ಆರಿಸುವ ಅಧಿಕಾರವಿತ್ತು. ಮನೆಗೆಲಸದವಳೂ ಕಾರ್ಖಾನೆಯ ಕೂಲಿಯೂ ಮೇಜಿನ ಒಂದು ಮಗ್ಗುಲಲ್ಲಿ ಕುಳಿತು, ಆ ಪದವಿಯನ್ನು ಬಯಸಿ ಬಂದ ವಿದ್ಯಾವಂತರನ್ನು ಪ್ರಶ್ನಿಸುವ ಕಾಲ ಬಂದಿತು.

ಇದರ ಫಲವನ್ನು ಅಳೆಯಲು ೧೯೯೦ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಒಂದು ಸಂಶೋಧನಾಮಂಡಲಿಯು ಹುಟ್ಟಿತು. ಅದರ ಆಧಾರದ ಮೇಲೆ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ ೨೦೦೨ರಲ್ಲಿ ಪ್ರಕಟಿಸಿದ ಗ್ರಂಥದ ನಿರ್ಣಯವು ವಿಚಾರಾರ್ಹವಾಗಿದೆ. ಉಪಾಧ್ಯಾಯರು, ಮುಖ್ಯೋಪಾಧ್ಯಾಯರು, ತಂದೆತಾಯಿಗಳು ಇವರಲ್ಲಿ ಪರಸ್ಪರ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಎರಡಕ್ಕೆ ಒಂದರಂತೆ ಓದಿನಲ್ಲಿಯೂ ಗಣಿತದಲ್ಲಿಯೂ ಸುಧಾರಿಸಿದವು. ನಂಬಿಕೆ ತೀರ ಕ್ಷೀಣವಾಗಿದ್ದ ಶಾಲೆಗಳಲ್ಲಿ ಹಾಗೆ ಸುಧಾರಿಸಿದ್ದು ಏಳಕ್ಕೆ ಒಂದು ಮಾತ್ರ. ನಂಬಿಕೆಯೆಂದರೆ ಬರಿಯ ಸವಿಮಾತಲ್ಲ. ಎದುರಿನವರಿಗೆ ಮರ್ಯಾದೆ, ಕರ್ತವ್ಯಕ್ಕೂ ಮಿಕ್ಕ ಕಾಳಜಿ, ಕೆಲಸದಲ್ಲಿ ಸಾಮರ್ಥ್ಯ, ಆಡಿದಂತೆ ನಡೆಯುವ ಪ್ರಾಮಾಣಿಕತೆ ಎಂಬ ನಾಲ್ಕು ಅಂಗಗಳನ್ನು ಅವರು ಅದಕ್ಕೆ ಹೇಳಿದ್ದಾರೆ.

೨೦೧೦ರಲ್ಲಿ ಬ್ರೈಕ್ ಮತ್ತು ಅವರ ಸಂಗಡಿಗರು ಇನ್ನೊಂದು ಗ್ರಂಥವನ್ನು ಹೊರತಂದರು. ೧೯೯೦ರಿಂದ ಮುಂದಿನ ವರ್ಷಗಳಲ್ಲಿ ಸುಧಾರಿಸಿದ ೧೦೦ ಪ್ರಾಥಮಿಕ ಶಾಲೆಗಳನ್ನು ಸುಧಾರಿಸದ ೧೦೦ ಶಾಲೆಗಳೊಡನೆ ಅವರು ಹೋಲಿಸಿದರು. ಗೆದ್ದ ಶಾಲೆಗಳಲ್ಲಿ ಐದು ಗುಣಗಳು ಕಂಡುಬಂದವು: ಮುಂದಾಳುತನ, ಮನೆ ಮತ್ತು ಕೇರಿಯೊಡನೆ ಸಂಬಂಧ, ಉಪಾಧ್ಯಾಯರ ಸಾಮರ್ಥ್ಯ, ಮಕ್ಕಳಿಗೆ ನಿರ್ಭಯವಾದ ವಾತಾವರಣ, ಪಾಠಕ್ರಮದ ಸುಸಂಬದ್ಧತೆ. ಇವುಗಳಲ್ಲಿ ಹೆಚ್ಚಿನವು ಬಲವಾಗಿದ್ದ ಶಾಲೆಗಳು, ಅವು ದುರ್ಬಲವಾಗಿದ್ದ ಶಾಲೆಗಳಿಗಿಂತ ಕಡಿಮೆಯೆಂದರೂ ಹತ್ತು ಪಾಲು ಹೆಚ್ಚಾಗಿ ಮುಂದೆ ಬಂದವು. ಐದು ಎಳೆಗಳ ಹಗ್ಗದಲ್ಲಿ ಒಂದೆಳೆ ಹರಿದರೂ ಭಾರವನ್ನು ಎಳೆಯುವುದು ಕಷ್ಟವೆಂಬುದೇ ಇದರ ತಾತ್ಪರ್ಯ.

ಇಲ್ಲಿ ಒಂದು ಕಹಿಸತ್ಯವನ್ನೂ ಮುಚ್ಚಿಡಬಾರದು. ಕಡುಬಡತನದಲ್ಲಿ ಮುಳುಗಿ, ಉಳಿದ ನಗರದಿಂದ ಬೇರ್ಪಟ್ಟು, ಕಳ್ಳತನ ಕೊಲೆಗಳಿಂದ ಕಂಗೆಟ್ಟ ಕಪ್ಪು ಜನರ ಕೇರಿಗಳಲ್ಲಿ ಸುಧಾರಿಸಿದ ಶಾಲೆಗಳು ಬಹು ವಿರಳವಾಗಿದ್ದವು. ಸಭೆಯ ಅಧಿಕಾರ ಎಲ್ಲ ಕೇರಿಗಳಿಗೂ ಒಂದೇ ಆಗಿತ್ತು. ಅದನ್ನು ನಡೆಸುವ ಶಕ್ತಿ ಒಂದೇ ಆಗಿರಲಿಲ್ಲ. ಹಸಿದ ಕೇರಿಗೆ ಚೀಟಿಯ ಹಕ್ಕನ್ನು ಮಾತ್ರ ಕೊಟ್ಟು, ಕೂಳನ್ನೂ ಶಾಂತಿಯನ್ನೂ ಕೊಡದಿದ್ದರೆ, ಶಾಲೆಯೊಂದರಿಂದಲೇ ಎಲ್ಲವೂ ಆಗಬೇಕೆಂದು ಬಯಸುವುದು ನ್ಯಾಯವಲ್ಲ.

ಮೇಲಿನಿಂದ ಬಂದ ಆಜ್ಞೆ

ದೀರ್ಘಕಾಲದ ಕೆಲಸಕ್ಕೆ ಬೇಕಾದ ತಾಳ್ಮೆ ರಾಜಕಾರಣಿಗಳಲ್ಲಿ ಇರಲಿಲ್ಲ. ೧೯೯೫ರಲ್ಲಿ ಶಾಲೆಗಳ ಮೇಲಿನ ಪರಮಾಧಿಕಾರವು ನಗರದ ಮೇಯರ್ ಕೈಗೆ ಹೋಯಿತು. ಮರುವರ್ಷವೇ, ೩, ೬ ಮತ್ತು ೮ನೆಯ ತರಗತಿಗಳಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಕ್ಕಳನ್ನು ಮುಂದಕ್ಕೆ ಬಿಡದಿರುವ ನಿಯಮ ಜಾರಿಗೆ ಬಂದಿತು. ಮೇಲೆ ಹೇಳಿದ ಸಂಶೋಧನಾಮಂಡಲಿಯು ೨೦೦೪ರಲ್ಲಿ ಪರಿಶೀಲಿಸಿದಾಗ, ಹಾಗೆ ಹಿಂದುಳಿಸಿದ್ದರಿಂದ ಮೂರನೆಯ ತರಗತಿಯವರಿಗೆ ಪ್ರಯೋಜನವಾಗಲಿಲ್ಲವೆಂದೂ, ಆರನೆಯ ತರಗತಿಯವರಿಗೆ ಹಾನಿಯೇ ಆಯಿತೆಂದೂ ಕಂಡುಬಂದಿತು.

೨೦೧೩ರ ಮೇ ತಿಂಗಳಲ್ಲಿ ಮೇಯರ್ ನೇಮಿಸಿದ್ದ ಮಂಡಲಿಯು ಸುಮಾರು ೫೦ ಶಾಲೆಗಳನ್ನು ಒಟ್ಟಿಗೆ ಮುಚ್ಚಲು ಗೊತ್ತುಮಾಡಿತು. ಮಕ್ಕಳ ಸಂಖ್ಯೆ ಇಳಿದಿದೆ, ಬೊಕ್ಕಸದಲ್ಲಿ ಹಣವಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಆ ಕಾರಣಗಳು ಪೂರ್ಣ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ತಮ್ಮ ಶಾಲೆಯನ್ನು ಬಿಟ್ಟು ಬೇರೆ ಶಾಲೆಗೆ ಹೋಗಬೇಕಾದ ಸುಮಾರು ೧೨,೦೦೦ ಮಕ್ಕಳಲ್ಲಿ ಬಹುಪಾಲಿನವರು ಕಪ್ಪು ಜನರ ಮಕ್ಕಳೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ಮಕ್ಕಳ ಕಲಿಕೆಗೆ ಪೆಟ್ಟು ಬಿದ್ದಿತೆಂದೂ, ಗಣಿತದಲ್ಲಿ ಆ ಪೆಟ್ಟು ಕೆಲವು ವರ್ಷ ಉಳಿಯಿತೆಂದೂ, ಶಾಲೆಯನ್ನು ಕಳೆದುಕೊಂಡವರು ಅದನ್ನು ಸಾವಿನಂತೆ ದುಃಖಿಸಿದರೆಂದೂ ೨೦೧೮ರ ವರದಿಯು ತಿಳಿಸಿತು. ೨೦೧೫ರಲ್ಲಿ ವಾಲ್ಟರ್ ಡಯೆಟ್ ಪ್ರೌಢಶಾಲೆಯನ್ನು ಉಳಿಸಲು ತಂದೆತಾಯಿಗಳೂ ಕೇರಿಯವರೂ ೩೪ ದಿನ ಉಪವಾಸ ಕುಳಿತರು. ೨೦೧೬ರಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು. ಹಾಳುಶಾಲೆಯೆಂದು ಮೇಲಿನವರು ಬರೆದಿಟ್ಟಿದ್ದ ಕಟ್ಟಡಕ್ಕಾಗಿ ಜನರು ಅನ್ನ ಬಿಟ್ಟರೆಂದರೆ, ಆ ಕಟ್ಟಡದಲ್ಲಿ ಅಂಕಪಟ್ಟಿಗೆ ಸಿಗದ ಯಾವುದೋ ಒಂದು ಇದ್ದಿರಲೇಬೇಕು. ೨೦೨೪ರ ನವೆಂಬರಿನಲ್ಲಿ, ನಗರದ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ, ಶಾಲಾಮಂಡಲಿಯ ಸದಸ್ಯರಲ್ಲಿ ಕೆಲವರನ್ನು ಪೌರರು ಮತಕೊಟ್ಟು ಆರಿಸಿದರು.

ಪಾಠದೊಳಗೆ ಮನೆ

ಆಡಳಿತದಲ್ಲಿ ಮನೆಗೆ ಸ್ಥಾನ ದೊರೆತರೂ ಪಾಠದಲ್ಲಿ ದೊರೆಯದಿದ್ದರೆ ಕೆಲಸ ಅರ್ಧವೇ ಆದಂತೆ. ಈ ವಿಷಯದಲ್ಲಿ ಒಳ್ಳೆಯ ಪ್ರಯೋಗಗಳು ನಡೆದುದು ಚಿಕಾಗೋವಿನ ಹೊರಗೆ. ಅರಿಜೋನ ಸಂಸ್ಥಾನದ ಟೂಸಾನ್ ನಗರದಲ್ಲಿ ಲೂಯಿಸ್ ಮಾಲ್ ಮತ್ತು ಅವರ ಸಂಗಡಿಗರು ಉಪಾಧ್ಯಾಯರನ್ನು ಮೆಕ್ಸಿಕೋ ಮೂಲದ ಕೂಲಿಕಾರರ ಮನೆಗಳಿಗೆ ಕಳಿಸಿದರು. ದೂರು ಹೇಳುವುದಕ್ಕಲ್ಲ, ಉಪದೇಶ ಮಾಡುವುದಕ್ಕಲ್ಲ. ಆ ಮನೆಯವರಿಂದ ಕಲಿತುಬರುವುದಕ್ಕೆ. ಬೇಸಾಯ, ಗಣಿಗಾರಿಕೆ, ಮನೆಮದ್ದು, ವ್ಯಾಪಾರ, ಕಟ್ಟಡದ ಕೆಲಸ, ಹೀಗೆ ಆ ಮನೆಗಳಲ್ಲಿ ತುಂಬಿದ್ದ ತಿಳಿವಳಿಕೆಯನ್ನು ಕಂಡು ಉಪಾಧ್ಯಾಯರು ಬೆರಗಾದರು. ೧೯೯೨ರ ಅವರ ಲೇಖನದಲ್ಲಿ ಒಬ್ಬ ಹುಡುಗನ ಪ್ರಸಂಗ ಬರುತ್ತದೆ. ಅವನು ಮೆಕ್ಸಿಕೋದ ಮಿಠಾಯಿಯನ್ನು ತಂದು ನೆರೆಹೊರೆಯಲ್ಲಿ ಮಾರುತ್ತಿದ್ದನು. ಉಪಾಧ್ಯಾಯಿನಿ ಅದನ್ನೇ ಪಾಠವಾಗಿಸಿದಳು. ಎರಡು ದೇಶದ ಮಿಠಾಯಿಗಳಲ್ಲಿ ಏನೇನು ಸೇರಿದೆಯೆಂಬುದನ್ನು ಮಕ್ಕಳು ಪರೀಕ್ಷಿಸಿ ಹೋಲಿಸಿದರು. ಮಿಠಾಯಿ ಮಾಡುವುದನ್ನು ಕಲಿಸಲು ವಿದ್ಯಾರ್ಥಿಯೊಬ್ಬನ ತಾಯಿಯೇ ತರಗತಿಗೆ ಬಂದಳು. ಹಲ್ ಹೌಸಿನಲ್ಲಿ ನೂತ ತಾಯಿಗೂ ಇವಳಿಗೂ ನಡುವೆ ತೊಂಬತ್ತು ವರ್ಷಗಳ ಅಂತರ. ಮಕ್ಕಳ ಕಣ್ಣಿನಲ್ಲಿ ಇಬ್ಬರಿಗೂ ದೊರೆತ ಗೌರವ ಒಂದೇ.

ಅದೇ ಟೂಸಾನಿನ ಪ್ರೌಢಶಾಲೆಗಳಲ್ಲಿ ಮೆಕ್ಸಿಕೋ ಮೂಲದವರ ಚರಿತ್ರೆ ಸಾಹಿತ್ಯಗಳ ಪಾಠವು ನಡೆಯುತ್ತಿತ್ತು. ೨೦೧೦ರಲ್ಲಿ ಸಂಸ್ಥಾನದ ಶಾಸನಸಭೆಯು ಅದಕ್ಕೆ ವಿರುದ್ಧವಾಗಿ ಕಾನೂನು ಮಾಡಿತು. ೨೦೧೨ರಲ್ಲಿ ಪಾಠ ನಿಂತಿತು. ೨೦೧೭ರಲ್ಲಿ ನ್ಯಾಯಾಲಯವು ಆ ನಿಷೇಧವು ಜನಾಂಗದ್ವೇಷದಿಂದ ಪ್ರೇರಿತವಾದುದೆಂದು ತೀರ್ಪಿತ್ತಿತು. ಅದೇ ವರ್ಷ ಪ್ರಕಟವಾದ ಸಂಶೋಧನೆಯೊಂದರಲ್ಲಿ ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ ಸ್ಯಾನ್ ಫ್ರಾನ್ಸಿಸ್ಕೋ ನಗರದ ಲೆಕ್ಕವನ್ನು ಕೊಟ್ಟರು. ಅಲ್ಲಿ ಒಂಬತ್ತನೆಯ ತರಗತಿಯ ಹಿಂದುಳಿದ ವಿದ್ಯಾರ್ಥಿಗಳಿಗೆ ಇಂತಹ ಪಾಠವನ್ನು ಕೊಟ್ಟುದರಿಂದ ಹಾಜರಿಯ ಪ್ರಮಾಣವು ಶೇಕಡ ೨೧ರಷ್ಟು ಅಂಶ ಏರಿತೆಂದೂ, ಅಂಕಗಳೂ ಏರಿದವೆಂದೂ ಅವರು ಹೇಳಿದರು. ಈ ಲೆಕ್ಕದ ವಿಧಾನವನ್ನು ಆಕ್ಷೇಪಿಸಿದ ಪಂಡಿತರೂ ಉಂಟು. ಒಂದು ನಗರದ ಒಂದು ಪಾಠದಿಂದ ಲೋಕಕ್ಕೆಲ್ಲ ಸೂತ್ರ ಕಟ್ಟುವುದು ತರವಲ್ಲವೆಂಬುದು ನಮ್ಮ ಮತವೂ ಹೌದು. ಆದರೂ ಶಾಲೆಯ ಕಡೆಗೆ ಬೆನ್ನುಹಾಕಿದ್ದ ಮಕ್ಕಳು ಮತ್ತೆ ಶಾಲೆಗೆ ಬಂದರೆಂಬ ಸಂಗತಿ ಸಾಮಾನ್ಯವಾದುದಲ್ಲ.

ಒಂದು ಆಕ್ಷೇಪಕ್ಕೆ ಇಲ್ಲಿಯೇ ಉತ್ತರ ಹೇಳಬೇಕು. ಬಡವರ ಮಕ್ಕಳಿಗೆ ಬೇಕಾದುದು ಓದು, ಬರಹ, ಲೆಕ್ಕ. ಸಂಸ್ಕೃತಿಯ ಮಾತು ಹೊಟ್ಟೆ ತುಂಬಿದವರ ವಿನೋದವೆಂದು ಕೆಲವರು ಹೇಳುವುದುಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಪ್ಪು ಜನಾಂಗದ ವಿದುಷಿ ಲೀಸಾ ಡೆಲ್ಪಿಟ್ ೧೯೮೮ರಲ್ಲಿಯೇ ಎಚ್ಚರಿಸಿದರು: ಮಕ್ಕಳ ಮನೆಮಾತನ್ನು ಗೌರವಿಸುವ ನೆಪದಿಂದ, ಅಧಿಕಾರದಲ್ಲಿರುವವರ ಭಾಷೆಯನ್ನೂ ರೀತಿಯನ್ನೂ ಕಲಿಸದಿದ್ದರೆ ಅದು ಆ ಮಕ್ಕಳಿಗೆ ಮಾಡುವ ದ್ರೋಹ. ಕಪ್ಪು ಜನರ ಮಕ್ಕಳಿಗೆ ಯಶಸ್ವಿಯಾಗಿ ಪಾಠಹೇಳುತ್ತಿದ್ದ ಎಂಟು ಉಪಾಧ್ಯಾಯಿನಿಯರನ್ನು ಅಭ್ಯಾಸ ಮಾಡಿ ೧೯೯೪ರಲ್ಲಿ ಗ್ರಂಥ ಬರೆದ ಗ್ಲೋರಿಯಾ ಲ್ಯಾಡ್ಸನ್‌ಬಿಲ್ಲಿಂಗ್ಸ್ ಅವರೂ ಮೊದಲ ಸ್ಥಾನವನ್ನು ಕಲಿಕೆಗೇ ಕೊಟ್ಟಿದ್ದಾರೆ. ಅವರು ಹೇಳುವ ಲಕ್ಷಣಗಳು ಮೂರು: ಮಗು ಚೆನ್ನಾಗಿ ಕಲಿಯಬೇಕು, ಕಲಿಯುತ್ತ ತನ್ನತನವನ್ನು ಕಳೆದುಕೊಳ್ಳಬಾರದು, ಲೋಕದ ಅನ್ಯಾಯವನ್ನು ಕಂಡು ಪ್ರಶ್ನಿಸುವ ಬುದ್ಧಿ ಬೆಳೆಯಬೇಕು. ಈ ಮೂರರಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದೆರಡು ಬರಿಯ ಬಾಯಿಮಾತು. ಮನೆಯ ಗೌರವವು ಓದಿಗೆ ಬದಲಲ್ಲ. ಓದು ನಿಲ್ಲುವ ನೆಲ ಅದು.

ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕ ಈ ಚರಿತ್ರೆಯಿಂದ ತಿಳಿದುಬರುವುದೇನು? ಶಾಲೆಯ ಸುಧಾರಣೆಗೆ ಹೊರಟವರು ಕಟ್ಟಡವನ್ನು ಎಣಿಸಿದರು, ಅಂಕಗಳನ್ನು ಎಣಿಸಿದರು, ಹಣವನ್ನು ಎಣಿಸಿದರು. ಎಣಿಕೆ ಬೇಕು, ನಂಬಿಕೆಯ ಬೆಲೆ ನಮಗೆ ತಿಳಿದುದೂ ಎಣಿಕೆಯಿಂದಲೇ. ಆದರೆ ಒಂದು ಬೇಸಗೆಯಲ್ಲಿ ಐವತ್ತು ಶಾಲೆಗಳನ್ನು ಮುಚ್ಚಿಬಿಡಬಹುದು. ಒಂದು ಶಾಲೆಯಲ್ಲಿ ನಂಬಿಕೆ ಬೇರೂರಲು ಹತ್ತು ವರ್ಷವೂ ಸಾಲದೆ ಹೋಗಬಹುದು. ಈ ಎರಡು ಕಾಲಮಾನಗಳ ಅಂತರವನ್ನು ಬಲ್ಲ ಮುಂದಾಳುಗಳು ಚಿಕಾಗೋವಿಗೆ ವಿರಳವಾಗಿ ದೊರೆತರು. ಶಾಲೆಗಳನ್ನು ತಿದ್ದುತ್ತೇವೆಂದು ಯಾವ ನಗರದಲ್ಲಿಯೇ ಆಗಲಿ ಯಾರು ಮುಂದೆ ಬಂದರೂ ಪೌರರು ಅವರನ್ನು ಎರಡು ಪ್ರಶ್ನೆಗಳನ್ನು ಕೇಳಬೇಕು. ನಿಮ್ಮ ಯೋಜನೆಯನ್ನು ಬರೆದಾಗ ಆ ಮಕ್ಕಳ ತಾಯಂದಿರಲ್ಲಿ ಎಷ್ಟು ಮಂದಿ ಆ ಕೊಠಡಿಯಲ್ಲಿದ್ದರು? ಆ ಯೋಜನೆಯಂತೆ ಕಲಿತ ಮಗು ಸಂಜೆ ಮನೆಗೆ ಹೋದಾಗ ತನ್ನ ತಾಯಿಯನ್ನು ಯಾವ ಕಣ್ಣಿನಿಂದ ನೋಡುತ್ತದೆ? ಇವೆರಡಕ್ಕೂ ನೇರವಾದ ಉತ್ತರ ಬಾರದಿದ್ದರೆ, ಕಾಗದದ ಮೇಲೆ ಆ ಯೋಜನೆ ಎಷ್ಟೇ ಸೊಗಸಾಗಿದ್ದರೂ ಅದನ್ನು ಹಿಂದಕ್ಕೆ ಕಳಿಸುವುದೇ ಲೇಸು.